ಕಾಲೇಜು ಕಬಡ್ಡಿ ತಂಡದ ಸೀಸನ್: ಜುಲೈ ತಿಂಗಳ ಮಣ್ಣಿನಿಂದ ಪಂದ್ಯಾವಳಿಯ ಮ್ಯಾಟ್‌ವರೆಗೆ

ಅಂತರ ಕಾಲೇಜು ಕಬಡ್ಡಿ ಪಂದ್ಯಾವಳಿ ಸಾಮಾನ್ಯವಾಗಿ ಎರಡೇ ದಿನದಲ್ಲಿ ಮುಗಿಯುತ್ತದೆ. ನಾಕೌಟ್ ಇದ್ದರೆ ಅರ್ಧದಷ್ಟು ತಂಡಗಳು ಮೊದಲ ಪಂದ್ಯ ಸೋತು ಮಧ್ಯಾಹ್ನದ ಬಸ್ಸಿಗೇ ಊರು ಮುಟ್ಟುತ್ತವೆ. ಗೆದ್ದವರ ಕಷ್ಟ ಬೇರೆ. ಬೆಳಿಗ್ಗೆ ಒಂದು, ಊಟದ ಹೊತ್ತಿಗೆ ಒಂದು, ಹೊತ್ತು ಮುಳುಗುವಾಗ ಮತ್ತೊಂದು ಪಂದ್ಯ. ಹಾಗಾಗಿ ಮೊದಲ ಪಂದ್ಯದಲ್ಲಿ ಮಿಂಚುವ ಏಳು ಮಂದಿಗಿಂತ, ಮೂರನೇ ಪಂದ್ಯದ ಕೊನೆಯ ಐದು ನಿಮಿಷದಲ್ಲೂ ಕಾಲು ಎತ್ತಿ ಓಡಬಲ್ಲ ಹತ್ತು ಮಂದಿ ಬೇಕು. ಬಾಗಲಕೋಟೆ, ಜಮಖಂಡಿ, ಮುಧೋಳ ಕಡೆಯ ಕಾಲೇಜುಗಳಲ್ಲಿ ಒಳ್ಳೆಯ ಆಟಗಾರರಿಗೆ ಬರವಿಲ್ಲ, ಈ ಎಂಟು, ಒಂಬತ್ತು, ಹತ್ತನೆಯವರಿಗೆ ಬರ. ಕೆಳಗಿನ ಕ್ರಮ ಅವರನ್ನು ತಯಾರು ಮಾಡುವ ಲೆಕ್ಕದಲ್ಲೇ ಇದೆ.

ತಾರೀಖು ಮತ್ತು ಕಾಗದ

ಪಂದ್ಯಾವಳಿಯ ತಾರೀಖು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹೆಚ್ಚಾಗಿ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಬೀಳುತ್ತದೆ. ಅದು ಮುಗಿದ ಮೇಲೆ ವಿಶ್ವವಿದ್ಯಾಲಯ ತಂಡದ ಆಯ್ಕೆ, ಶಿಬಿರ, ದಕ್ಷಿಣ ವಲಯ. ಸುತ್ತೋಲೆ ಬಂದ ಮೇಲೆ ತಯಾರಿ ಶುರು ಮಾಡಿದರೆ ಕೈಯಲ್ಲಿ ಮೂರು ವಾರವೂ ಉಳಿಯುವುದಿಲ್ಲ. ಹಿಂದಿನ ವರ್ಷದ ತಾರೀಖನ್ನೇ ಹಿಡಿದು 14 ವಾರ ಹಿಂದಕ್ಕೆ ಎಣಿಸಿ. ಆ ಸೋಮವಾರ ಮೊದಲ ಅಭ್ಯಾಸ. ಯಾವ ಪಂದ್ಯಾವಳಿ ಎಂಬುದು ಕಾಲೇಜಿನ ಮೇಲೆ ಹೋಗುತ್ತದೆ: ಎಂಜಿನಿಯರಿಂಗ್ ಆದರೆ ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ಅದರದ್ದು, ಉಳಿದವರಿಗೆ ತಮ್ಮ ತಮ್ಮ ವಿಶ್ವವಿದ್ಯಾಲಯದ್ದು.

ಕಾಗದಪತ್ರದಿಂದಲೇ ಪ್ರತಿ ಸಲ ಒಂದೆರಡು ತಂಡ ಒಳ್ಳೆಯ ರೈಡರ್‌ನನ್ನು (ಎದುರಾಳಿ ಅಂಕಣಕ್ಕೆ ದಾಳಿ ಹೋಗುವವನನ್ನು) ಹೊರಗೆ ಕೂರಿಸುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ (ಜನ್ಮ ದಿನಾಂಕಕ್ಕೆ ಅದೇ ಆಧಾರ), ಪಿಯುಸಿ ಅಂಕಪಟ್ಟಿ, ಈ ವರ್ಷದ ಶುಲ್ಕ ಕಟ್ಟಿದ ರಸೀದಿ, ಕಾಲೇಜು ಗುರುತಿನ ಚೀಟಿ, ಆಧಾರ್, ಆರು ಫೋಟೊ, ಇವಿಷ್ಟನ್ನೂ ಪ್ರತಿ ಆಟಗಾರನ ಹೆಸರಿನ ಲಕೋಟೆಯಲ್ಲಿ ಮೊದಲ ತಿಂಗಳೇ ಇಟ್ಟುಬಿಡಿ. ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ವಯಸ್ಸು ಜುಲೈ 1ಕ್ಕೆ 17ರಿಂದ 25ರ ಒಳಗಿರಬೇಕು. ಹೆಸರಿನ ಇನಿಶಿಯಲ್ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇರುವುದು ನಮ್ಮ ಕಡೆ ಮಾಮೂಲು. ಅದನ್ನು ಪಂದ್ಯದ ಮೇಜಿನ ಮುಂದೆ ವಾದಿಸಿ ಬಗೆಹರಿಸಲು ಆಗುವುದಿಲ್ಲ. ಪ್ರಾಚಾರ್ಯರ ಸಹಿ, ಮೊಹರು ಇರುವ ದೃಢೀಕರಣ ಮೊದಲೇ ಮಾಡಿಸಿಡಿ. ಅರ್ಹತಾ ಪಟ್ಟಿಯಲ್ಲಿ 12 ಹೆಸರು ಪೂರ್ತಿ ತುಂಬಿ. ಒಂಬತ್ತು ಹೆಸರು ಬರೆದುಕೊಂಡು ಹೋಗಿ ಇಬ್ಬರಿಗೆ ಪೆಟ್ಟಾದರೆ ಬದಲಿ ಎಲ್ಲಿಂದ ತರುತ್ತೀರಿ?

ಅಂಕಣ

ಪುರುಷರ ಅಂಕಣ 13 × 10 ಮೀಟರ್, ಮಹಿಳೆಯರದ್ದು 12 × 8. ಎರಡರಲ್ಲೂ ಅಕ್ಕಪಕ್ಕದ ಒಂದೊಂದು ಮೀಟರ್ ಲಾಬಿ. ನಡುಗೆರೆಯಿಂದ ಬಾಕ್ ಗೆರೆ (ರೈಡರ್ ದಾಟಲೇಬೇಕಾದ ಗೆರೆ) ಪುರುಷರಿಗೆ 3.75 ಮೀಟರ್, ಮಹಿಳೆಯರಿಗೆ 3 ಮೀಟರ್. ಅದರಾಚೆ ಸರಿಯಾಗಿ 1 ಮೀಟರ್‌ಗೆ ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆ. ಗೆರೆ ಹಾಕುವಾಗ ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಟೇಪು ಹಿಡಿಯಿರಿ. ಪುರುಷರ ಅಂಕಣದಲ್ಲಿ ಎರಡೂ ಕರ್ಣ 16.40 ಮೀಟರ್, ಮಹಿಳೆಯರದ್ದರಲ್ಲಿ 14.42 ಬರಬೇಕು. ಬರದಿದ್ದರೆ ಅಂಕಣ ಸೊಟ್ಟಗಿದೆ ಎಂದರ್ಥ. ಸೊಟ್ಟ ಅಂಕಣದಲ್ಲಿ ಮೂರು ತಿಂಗಳು ಆಡಿದ ಕಾರ್ನರ್‌ಗೆ (ಮೂಲೆಯಲ್ಲಿ ನಿಲ್ಲುವ ರಕ್ಷಕನಿಗೆ) ಗಡಿಯ ಅಂದಾಜು ತಪ್ಪುತ್ತದೆ. ಗೆರೆಗೆ ರಂಗೋಲಿ ಪುಡಿ ಸಾಕು. ಹಸಿ ಸುಣ್ಣ ಬೇಡ, ಬೆವರಿಗೆ ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆ.

ಎರೆಮಣ್ಣಿನ ಮೇಲೆ ಕಬಡ್ಡಿ ಆಗದು. ಮಳೆ ಬಂದರೆ ಕಾಲಿಗೆ ಅಂಟಿ ಎಳೆಯುತ್ತದೆ, ಒಣಗಿದರೆ ಬಿರುಕು ಬಿಟ್ಟು ಪಾದ ಹೊರಳಿಸುತ್ತದೆ. ಸುತ್ತ 2 ಮೀಟರ್ ಜಾಗ ಬಿಟ್ಟರೆ ಒಟ್ಟು 17 × 14 ಮೀಟರ್ ಆಗುತ್ತದೆ. ಅಷ್ಟು ಜಾಗದಲ್ಲಿ 15 ಸೆಂ.ಮೀ. ಎರೆಮಣ್ಣು ತೆಗೆಸಿ ಗರಸು, ಕೆಮ್ಮಣ್ಣು ತುಂಬಿಸಬೇಕು. ಲೆಕ್ಕಕ್ಕೆ ಸುಮಾರು 36 ಘನ ಮೀಟರ್, ಅಂದರೆ ಹದಿಮೂರು ಬ್ರಾಸ್‌ಗೆ (ಒಂದು ಬ್ರಾಸ್ ನೂರು ಘನ ಅಡಿ) ಹತ್ತಿರ. ನೀರು ಹೊಡೆದು ರೋಲರ್ ಓಡಿಸಿದಾಗ ಕುಗ್ಗುವುದರಿಂದ ಹದಿನಾರು ಹೇಳಿ. ಕೆಳಗೆ ಗರಸು, ಮೇಲಿನ ಐದು ಸೆಂ.ಮೀ.ಗೆ ಜರಡಿ ಹಿಡಿದ ಕೆಮ್ಮಣ್ಣು, ಅದರಲ್ಲಿ ನಾಲ್ಕನೇ ಒಂದು ಪಾಲು ಸಾ ಮಿಲ್ಲಿನ ಕಟ್ಟಿಗೆ ಹೊಟ್ಟು. ಗರಡಿ ಮನೆಯ ಮಣ್ಣಿನಷ್ಟು ಮೆತ್ತಗೆ ಮಾಡಬೇಡಿ. ಕುಸ್ತಿಗೆ ಅದು ಸರಿ, ಇಲ್ಲಿ ಕಾಲು ಹೂತರೆ ದಿಕ್ಕು ಬದಲಿಸುವಾಗ ಮೊಣಕಾಲು ತಿರುಚುತ್ತದೆ. ಅಭ್ಯಾಸದ ಹಿಂದಿನ ಸಂಜೆ ನೀರು ಚಿಮುಕಿಸಿ, ಬೆಳಿಗ್ಗೆ ಕುಂಟೆ ಎಳೆದು, ಹರಳು ಆರಿಸಿ. ಮಣ್ಣಿನಲ್ಲಿ ಆಡುವ ಎಲ್ಲರಿಗೂ ಸೀಸನ್ ಮೊದಲೇ ಧನುರ್ವಾಯುವಿನ ಚುಚ್ಚುಮದ್ದು ಆಗಿರಲಿ.

ಪಂದ್ಯಾವಳಿ ಮ್ಯಾಟ್ ಮೇಲೆ ಇದ್ದರೆ ಸಮಸ್ಯೆ ಬೇರೆ. ಬರಿಗಾಲಲ್ಲಿ ಮಣ್ಣಿನ ಮೇಲೆ ಕಲಿತವರು ಮ್ಯಾಟ್ ದಿನ ಹೊಸ ಶೂ ಹಾಕಿಕೊಂಡರೆ ಮೊದಲ ಪಂದ್ಯಕ್ಕೇ ಬೊಬ್ಬೆ. ಅದೂ ಸಣ್ಣ ಮಾತು. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರಿ ನಿಲ್ಲುತ್ತದೆ, ಮ್ಯಾಟ್ ಮೇಲೆ ಹಿಡಿದು ನಿಂತುಬಿಡುತ್ತದೆ, ದೇಹ ಮಾತ್ರ ಮುಂದಕ್ಕೆ ತಿರುಗುತ್ತದೆ. ಮೊಣಕಾಲಿನ ಲಿಗಮೆಂಟ್ ಹರಿಯುವುದು ಆಗಲೇ. ಆದ್ದರಿಂದ ಕೊನೆಯ ನಾಲ್ಕು ವಾರ ವಾರಕ್ಕೆ ಎರಡು ದಿನವಾದರೂ ಮ್ಯಾಟ್ ಸಿಗುವ ಜಾಗ ಹುಡುಕಿ, ಅದೇ ಶೂ ಹಾಕಿ ಆಡಿಸಿ. ಸ್ವಂತಕ್ಕೆ ಕೊಳ್ಳುವುದಾದರೆ ಒಂದು ಮೀಟರ್ ಚೌಕದ 130 ತುಂಡು ಬರೀ ಅಂಕಣಕ್ಕೇ ಬೇಕು. ಹೊರಗೆ ಬೀಳುವ ಜಾಗಕ್ಕೆ ಬೇರೆ.

ಆಯ್ಕೆ

ಮೊದಲ ದಿನ ನಲವತ್ತು ಮಂದಿ ಬರುತ್ತಾರೆ. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ಅವರಲ್ಲಿ ಮೂವತ್ತು ಮಂದಿ ರೈಡರ್‌ಗಳು, ಎಲ್ಲರಿಗೂ ಡುಬ್ಕಿ (ರಕ್ಷಕರ ಕೈ ಕೆಳಗೆ ತಲೆ ತಗ್ಗಿಸಿ ನುಸುಳುವುದು) ಗೊತ್ತು. ಆಡಿಸಿ ನೋಡಿ ಆರಿಸಬೇಡಿ, ಮೊದಲ ದಿನ ಜೋರು ಮಾಡುವವನೇ ಕಣ್ಣಿಗೆ ಬೀಳುತ್ತಾನೆ. ಮೂರು ಪರೀಕ್ಷೆ ಇಡಿ: 10 ಮೀಟರ್ ಅಂತರದಲ್ಲಿ ನಾಲ್ಕು ಸಲ ಓಡುವ ಶಟಲ್, ನಿಂತಲ್ಲಿಂದ ಉದ್ದ ಜಿಗಿತ, ಮತ್ತು ಓಡಾಡುತ್ತಲೇ 30 ಸೆಕೆಂಡು ಒಂದೇ ದಮ್ಮಿನಲ್ಲಿ ಸ್ಪಷ್ಟವಾಗಿ ‘ಕಬಡ್ಡಿ’ ಹೇಳುವುದು. ಮೂರನೆಯದರಲ್ಲಿ ಬಹಳ ಮಂದಿ ಬೀಳುತ್ತಾರೆ. ಅಂಕಿಗಳನ್ನು ಬರೆದಿಡಿ. ಎರಡು ವಾರಕ್ಕೊಮ್ಮೆ ಅದೇ ಶಟಲ್ ಓಡಿಸಿ. ಒಬ್ಬ ಅರ್ಧ ಸೆಕೆಂಡು ನಿಧಾನವಾಗಿದ್ದರೆ ಸೋಮಾರಿ ಎಂದು ಬೈಯುವ ಮೊದಲು ಅವನಿಗೆ ನಿದ್ದೆ, ಜ್ವರ, ಹೊಲದ ಕೆಲಸ ಏನಿದೆ ಎಂದು ಕೇಳಿ.

ಹದಿನಾರು ಮಂದಿಯನ್ನು ಉಳಿಸಿಕೊಳ್ಳಿ. ಅದರಲ್ಲಿ ನಾಲ್ವರು ಕಾರ್ನರ್, ನಾಲ್ವರು ಕವರ್ (ನಡುವಿನ ಕಡೆ ನಿಂತು ಹಿಡಿತಕ್ಕೆ ನೆರವಾಗುವ ರಕ್ಷಕರು), ಉಳಿದವರಲ್ಲಿ ಎಡಬದಿ ಮತ್ತು ಬಲಬದಿಯಿಂದ ದಾಳಿ ಮಾಡುವವರು ಇಬ್ಬರೂ ಇರಬೇಕು. ಕಾರ್ನರ್ ಸಿಗದಿದ್ದರೆ ರೈಡರ್‌ಗಳಲ್ಲೇ ತಾಳ್ಮೆ ಇರುವವನನ್ನು ತಿರುಗಿಸಿ. ಎತ್ತರ, ದಪ್ಪ ನೋಡಬೇಡಿ. ಕಾರ್ನರ್‌ನ ಗುಣ ಒಂದೇ, ರೈಡರ್ ಆಸೆ ತೋರಿಸಿದಾಗ ಕಾಲು ಮುಂದಿಡದೆ ಕಾಯುವುದು.

ಹದಿನಾಲ್ಕು ವಾರ

ಮೊದಲ ನಾಲ್ಕು ವಾರ ಹಿಡಿತವನ್ನೇ ಕಲಿಸಬೇಡಿ, ಬೀಳುವುದನ್ನು ಕಲಿಸಿ. ಭುಜದ ಮೇಲೆ ಉರುಳಿ ಏಳುವುದು, ಕೈ ಚಾಚಿ ನೆಲಕ್ಕೆ ಊರದಿರುವುದು. ಚಾಚಿದ ಕೈಯಿಂದಲೇ ಮಣಿಕಟ್ಟು, ಕಾಲರ್ ಮೂಳೆ ಮುರಿಯುವುದು. ಜೊತೆಗೆ ಬೈಠಕ್, ದಂಡ, ಒಂಟಿ ಕಾಲಲ್ಲಿ ಇಳಿದು ಏಳುವುದು, ಹಗ್ಗ ಜಿಗಿತ. ಉದ್ದ ಓಟಕ್ಕೆ ಇಲ್ಲಿ ಬೆಲೆ ಕಡಿಮೆ. ಬಾಗಲಕೋಟೆ ನವನಗರದ ರಸ್ತೆಯಲ್ಲಿ ಐದು ಕಿಲೋಮೀಟರ್ ಓಡಿಸಿದರೆ ತಯಾರಾಗುವುದು ಐದು ಕಿಲೋಮೀಟರ್ ಓಟಕ್ಕೆ. ಬದಲಿಗೆ 30 ಸೆಕೆಂಡು ಪೂರ್ತಿ ವೇಗ, 30 ಸೆಕೆಂಡು ನಡಿಗೆ, ಹೀಗೆ ಎಂಟು ಸಲ, ಮೂರು ನಿಮಿಷ ಬಿಟ್ಟು ಮತ್ತೆ ಎಂಟು. ರೈಡ್‌ನ ಅಳತೆಯೇ ಅದು.

ಮುಂದಿನ ಆರು ವಾರ ಕೌಶಲ. ರೈಡರ್‌ಗಳಿಗೆ ಮೊದಲು ಕಾಲದ ಅಳತೆ ಕಲಿಸಿ. ಪ್ರತಿ ರೈಡ್‌ನಲ್ಲೂ 20ನೇ ಸೆಕೆಂಡಿಗೆ ಸೀಟಿ ಊದಿ. ಎರಡು ವಾರದ ಮೇಲೆ ಸೀಟಿ ನಿಲ್ಲಿಸಿ, ‘20 ಆದಾಗ ಕೈ ಎತ್ತು’ ಎನ್ನಿ. ಹದಿನೈದಕ್ಕೇ ಎತ್ತುವವನು ಅವಸರದವನು, ಇಪ್ಪತ್ತೇಳಕ್ಕೆ ಎತ್ತುವವನು ಪಂದ್ಯದಲ್ಲಿ ಒಳಗೇ ಉಳಿಯುವವನು. ನಡುಗೆರೆ ದಾಟಿದ ಮೇಲೆ ದಮ್ಮು ಶುರು ಮಾಡುವ ಚಟ ಇದ್ದರೆ ಮೊದಲ ವಾರವೇ ಬಿಡಿಸಿ. ಅಂಪೈರ್ ಹಿಂದಕ್ಕೆ ಕಳಿಸಿ ಎದುರಾಳಿಗೆ ಒಂದು ಅಂಕ, ರೈಡ್ ಎರಡನ್ನೂ ಕೊಡುತ್ತಾರೆ. ಬಾಕ್ ಗೆರೆ ಮುಟ್ಟದೆ ಕಾಲಹರಣ ಮಾಡಿ ಬರುವುದೂ ಅಷ್ಟೇ, ಯಾರನ್ನೂ ಮುಟ್ಟದೆ ಗೆರೆಯನ್ನೂ ದಾಟದೆ ಬಂದವನು ಔಟ್. ಬೋನಸ್‌ನಲ್ಲಿ ತಪ್ಪು ಹಿಂದಿನ ಕಾಲಿನದ್ದು. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ, ಒಂದು ಕಾಲು ಬೋನಸ್ ಗೆರೆಯಾಚೆ ಊರುವ ಹೊತ್ತಿಗೆ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಮೊಬೈಲನ್ನು ನೆಲಮಟ್ಟಕ್ಕೆ ಇಟ್ಟು ಬದಿಯಿಂದ ವಿಡಿಯೊ ಮಾಡಿ ತೋರಿಸಿ. ನೂರು ಸಲ ಬಾಯಲ್ಲಿ ಹೇಳುವುದಕ್ಕಿಂತ ಬೇಗ ತಿದ್ದಿಕೊಳ್ಳುತ್ತಾರೆ.

ರಕ್ಷಣೆಗೆ ಹೆಚ್ಚು ಹೊತ್ತು ಕೊಡಿ, ಅಭ್ಯಾಸದ ಎರಡು ತಾಸಿನಲ್ಲಿ ಒಂದೂಕಾಲು ತಾಸು ಇದಕ್ಕೇ ಹೋಗಲಿ. ಕಾಲೇಜು ಮಟ್ಟದಲ್ಲಿ ಹಿಡಿತ ತಪ್ಪುವುದು ಶಕ್ತಿ ಸಾಲದೆ ಅಲ್ಲ, ಒಬ್ಬ ಹೋದಾಗ ಉಳಿದ ಆರು ಮಂದಿ ನಿಂತು ನೋಡುವುದರಿಂದ. ಕಾರ್ನರ್ ಆಂಕಲ್ (ಪಾದದ ಗಂಟು) ಹಿಡಿದ ಮೇಲೆ ಒಂದು ಸೆಕೆಂಡಿನೊಳಗೆ ಪಕ್ಕದ ಇನ್ (ಕಾರ್ನರ್‌ನ ಪಕ್ಕದಲ್ಲೇ ನಿಲ್ಲುವವನು) ಮತ್ತು ಕವರ್ ರೈಡರ್‌ನ ಸೊಂಟ, ನಡುಗೆರೆಯ ದಾರಿ ಎರಡನ್ನೂ ಮುಚ್ಚಬೇಕು. ಇದಕ್ಕೆ ಮೂವರ ಡ್ರಿಲ್: ಕಾರ್ನರ್, ಇನ್, ಕವರ್ ಒಂದು ಕಡೆ, ರೈಡರ್ ಒಬ್ಬ. ಹಿಡಿಯುವ ತೀರ್ಮಾನ ಕಾರ್ನರ್‌ನದ್ದು, ‘ಹಿಡಿ’ ಎಂದು ಕೂಗುವ ಕೆಲಸ ಕವರ್‌ನದ್ದು. ಕೂಗು ಇಲ್ಲದೆ ಹಿಡಿದರೆ ಆ ಹಿಡಿತ ಗೆದ್ದರೂ ಲೆಕ್ಕಕ್ಕಿಲ್ಲ. ದಿನಕ್ಕೆ ಪ್ರತಿ ಮೂವರಿಗೆ ನಲವತ್ತು ಸಲ. ಚೇನ್ ಕಟ್ಟುವಾಗ (ರಕ್ಷಕರು ಕೈ ಕೈ ಹಿಡಿದು ನಿಲ್ಲುವಾಗ) ಬೆರಳು ಹೆಣೆಯಬೇಡಿ, ಅಂಗೈಗೆ ಅಂಗೈ ಹಿಡಿಯಿರಿ. ಹೆಣೆದ ಬೆರಳು ಎಳೆತಕ್ಕೆ ಕಳಚುತ್ತದೆ.

ಆಂಕಲ್ ಹಿಡಿಯುವಾಗ ತಲೆ ರೈಡರ್‌ನ ಮೊಣಕಾಲಿನ ಎದುರಿಗೆ ಬರಲೇಬಾರದು, ಹೊರಬದಿಗಿರಲಿ. ಥೈ ಹೋಲ್ಡ್‌ನಲ್ಲಿ ಕಿವಿ ರೈಡರ್‌ನ ತೊಡೆಯ ಪಕ್ಕಕ್ಕೆ ಅಂಟಿರಲಿ. ಯಾರಿಗಾದರೂ ಮೊಣಕಾಲು ತಲೆಗೆ ತಾಗಿ ಮಂಕು ಕವಿದರೆ, ‘ಏನಾಗಿಲ್ಲ ಸರ್, ಆಡ್ತೀನಿ’ ಎಂದರೂ ಆ ದಿನಕ್ಕೆ ಆಟ ಮುಗಿಯಿತು. ಲಾಬಿಯಲ್ಲೂ ಎಚ್ಚರ ಬೇಕು. ಮುಟ್ಟಾಟ ಆಗುವ ಮೊದಲೇ ಲಾಬಿಗೆ ಕಾಲಿಟ್ಟ ಕಾರ್ನರ್ ತಾನೇ ಔಟ್ ಆಗಿ, ಎದುರಾಳಿಗೆ ಪುಕ್ಕಟೆ ಅಂಕ ಕೊಟ್ಟು ಬರುತ್ತಾನೆ.

ಉಳಿದ ನಾಲ್ಕು ವಾರದಲ್ಲಿ ಮೂರು ವಾರ ಪಂದ್ಯ, ಕೊನೆಯ ವಾರ ಅರ್ಧ ಹೊರೆ. ಈ ಮೂರು ವಾರದಲ್ಲಿ ಒಂದು ದಿನವಾದರೂ, ಆದಷ್ಟು ರವಿವಾರ, ಪಂದ್ಯಾವಳಿಯಂತೆಯೇ ಬೆಳಿಗ್ಗೆ 9ಕ್ಕೆ, 12ಕ್ಕೆ, 4ಕ್ಕೆ ಮೂರು ಪೂರ್ತಿ ಪಂದ್ಯ ಆಡಿಸಿ. ಪುರುಷರಿಗೆ 20 ನಿಮಿಷದ ಎರಡು ಅವಧಿ, ಮಹಿಳೆಯರಿಗೆ 15 ನಿಮಿಷದವು, ನಡುವೆ 5 ನಿಮಿಷ ಬಿಡುವು. ಮೂರನೆಯದರಲ್ಲಿ ಯಾರು ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾರೆ, ಯಾರು ಎದ್ದು ಬರುತ್ತಾರೆ ಎಂಬುದನ್ನು ಪೆನ್ನು ಹಿಡಿದು ನೋಡಿ. ಕೊನೆಯ ಹನ್ನೆರಡು ಹೆಸರು ಅಲ್ಲಿ ಸಿಗುತ್ತವೆ.

ಊರೂರ ಪಂದ್ಯಗಳ ಮಾತು ಇಲ್ಲೇ ಹೇಳಬೇಕು. ಗಣಪತಿ ಹಬ್ಬ, ಜಾತ್ರೆ, ದಸರಾ ಅಂದರೆ ರಾತ್ರಿ ದೀಪ ಹಾಕಿ ಬಹುಮಾನದ ಹಣಕ್ಕೆ ಕಬಡ್ಡಿ. ಹುಡುಗರು ಹೇಳದೆ ಹೋಗುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಒಳ್ಳೆಯದೇ, ಗದ್ದಲದಲ್ಲಿ ಆಡುವ ಧೈರ್ಯ ಬರುತ್ತದೆ. ಪಂದ್ಯಾವಳಿಗೆ ಮೂರು ವಾರ ಇರುವಾಗ ಮಾತ್ರ ಬಿಡಬೇಡಿ. ಬರೀ ಬೇಡ ಎಂದರೆ ಕೇಳುವವರಲ್ಲ. ಅದೇ ರಾತ್ರಿ ಕಾಲೇಜಿನಲ್ಲಿ ಅಭ್ಯಾಸ ಪಂದ್ಯ ಇಟ್ಟು ಊಟ ಹಾಕಿಸಿದರೆ ಉಳಿಯುತ್ತಾರೆ.

ಲೆಕ್ಕದ ಪುಸ್ತಕ

ನೂರು ಪುಟದ ನೋಟ್‌ಬುಕ್ ಸಾಕು. ಪ್ರತಿ ರೈಡ್‌ಗೆ ಒಂದು ಸಾಲು: ಯಾರು ಹೋದರು, ಎದುರಿಗೆ ಎಷ್ಟು ಮಂದಿ ಇದ್ದರು, ಯಾವ ಬದಿ, ಏನಾಯಿತು. 40 ನಿಮಿಷದ ಪಂದ್ಯದಲ್ಲಿ ಒಂದೊಂದು ತಂಡಕ್ಕೆ ಸುಮಾರು ನಲವತ್ತು ರೈಡ್ ಸಿಗುತ್ತವೆ, ಬರೆಯಲು ಕಷ್ಟವಿಲ್ಲ. ಐದು ಪಂದ್ಯದ ಪುಟ ಮುಂದಿಟ್ಟುಕೊಂಡರೆ ಕಣ್ಣಿಗೆ ಕಾಣದ್ದು ಕಾಣುತ್ತದೆ. ಚಪ್ಪಾಳೆ ಗಿಟ್ಟಿಸುವ ರೈಡರ್ ಹದಿನೆಂಟು ರೈಡ್‌ನಲ್ಲಿ ಆರು ಅಂಕ ತಂದು ಐದು ಸಲ ಔಟ್ ಆಗಿರಬಹುದು. ಸದ್ದಿಲ್ಲದವನು ಒಂಬತ್ತರಲ್ಲಿ ಐದು ತಂದು ಒಮ್ಮೆ ಮಾತ್ರ ಔಟ್ ಆಗಿರಬಹುದು. ಎರಡು ಖಾಲಿ ರೈಡ್ ಆದ ಮೇಲಿನ ಮೂರನೇ ರೈಡ್‌ಗೆ, ಅಂಕ ತರದಿದ್ದರೆ ಔಟ್ ಆಗುವ ಆ ರೈಡ್‌ಗೆ, ಕಳಿಸಬೇಕಾದವನು ಎರಡನೆಯವನು.

ಇದೇ ಪುಸ್ತಕದಲ್ಲಿ ಐದನೇ ರೈಡರ್‌ನನ್ನು ಹುಡುಕಿ. ನಾಕೌಟ್‌ನಲ್ಲಿ ಪಂದ್ಯ ಸಮವಾದರೆ ಎರಡೂ ತಂಡಕ್ಕೆ ಐದೈದು ರೈಡ್ ಕೊಡುತ್ತಾರೆ. ಐದನ್ನೂ ಬೇರೆ ಬೇರೆ ಆಟಗಾರರೇ ಮಾಡಬೇಕು, ಹೆಸರುಗಳನ್ನು ರೆಫರಿಗೆ ಮೊದಲೇ ಬರೆದುಕೊಡಬೇಕು. ಆಗ ಯಾರೂ ಹೊರಗೆ ಹೋಗುವುದಿಲ್ಲ, ಬಾಕ್ ಗೆರೆಯೇ ಬೋನಸ್ ಗೆರೆಯೂ ಆಗುತ್ತದೆ. ಇಬ್ಬರು ರೈಡರ್‌ಗಳ ಮೇಲೆ ನಿಂತ ತಂಡ ಇಲ್ಲಿ ಕುಸಿಯುತ್ತದೆ. ಕವರ್ ಆಡುವವರಿಬ್ಬರಿಗೆ ಈ ಹತ್ತಿರದ ಬೋನಸ್ ಒಂದನ್ನೇ ಕಲಿಸಿಟ್ಟರೂ ದೊಡ್ಡ ಆಸ್ತಿ. ಎರಡೂ ಕಡೆಗೆ ಐದೈದು ರೈಡ್‌ನ ಈ ಆಟವನ್ನು ವಾರಕ್ಕೊಮ್ಮೆ ಅಭ್ಯಾಸದ ಕೊನೆಗೆ ಆಡಿಸಿ.

ಕಡಿಮೆ ಮಂದಿ ಉಳಿದಾಗಿನ ತೀರ್ಮಾನವನ್ನೂ ಮೊದಲೇ ಮಾಡಿಡಿ. ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಹಾಗಾಗಿ ಮೂವರು ಉಳಿದಾಗ ಹೆದರಿ ಹಿಂದೆ ಸರಿಯುವುದಕ್ಕಿಂತ ಒಂದು ಹಿಡಿತಕ್ಕೆ ಕೈ ಹಾಕುವುದು ಲಾಭ. ಒಬ್ಬನೇ ಉಳಿದಾಗ ಲೆಕ್ಕ ತಿರುಗುತ್ತದೆ. ಅವನೂ ಔಟ್ ಆಗಿ ಇಡೀ ತಂಡ ಹೊರಬಿದ್ದರೆ ಅದು ಲೋನಾ, ಅದಕ್ಕೆ ಎರಡು ಅಂಕ ಹೆಚ್ಚಿಗೆ ಹೋಗುವುದು ನಿಜ, ಆದರೆ ಅವನನ್ನು ನಾಲ್ಕು ನಿಮಿಷ ಜೀವ ಹಿಡಿಸಿ ಉಳಿಸಿದರೆ ಅಷ್ಟೂ ಹೊತ್ತು ಆರು ಮಂದಿ ಬೆಂಚಿನ ಮೇಲೆ. ಹಿಂದೆ ಬಿದ್ದಿದ್ದರೆ ಬೇಗ ಲೋನಾ ಕೊಟ್ಟು ಏಳು ಮಂದಿಯಾಗಿ ಒಳಗೆ ಬನ್ನಿ.

ಪೆಟ್ಟು, ಊಟ

ಪಾದದ ಗಂಟು ಹೊರಳಿದರೆ 15–20 ನಿಮಿಷ ಬಟ್ಟೆಯಲ್ಲಿ ಸುತ್ತಿದ ಐಸು, ಕ್ರೇಪ್ ಬ್ಯಾಂಡೇಜ್, ಕಾಲು ಎತ್ತರಕ್ಕೆ. ಮೊದಲ ಎರಡು ದಿನ ಬಿಸಿ ಕಾವು, ಎಣ್ಣೆ ತಿಕ್ಕುವುದು, ಎಲುಬು ಕೂಡಿಸುವವರ ಹತ್ತಿರ ಎಳೆಸುವುದು ಬೇಡ, ಊತ ಹೆಚ್ಚುತ್ತದೆ. ಮೊಣಕಾಲಲ್ಲಿ ‘ಟಕ್’ ಎಂದು ಕೇಳಿ ಕೆಲವೇ ತಾಸಿನಲ್ಲಿ ಊದಿಕೊಂಡರೆ ಲಿಗಮೆಂಟ್ ಎಂದೇ ತಿಳಿಯಿರಿ. ಎಕ್ಸ್‌ರೇಯಲ್ಲಿ ಎಲುಬು ಸರಿ ಇದೆ ಎಂದು ಬಂದರೆ ಸಮಾಧಾನ ಪಡಬೇಡಿ, ಲಿಗಮೆಂಟ್ ಎಕ್ಸ್‌ರೇಗೆ ಕಾಣುವುದಿಲ್ಲ. ಮೂಳೆ ವೈದ್ಯರೇ ಕೈಯಿಂದ ಪರೀಕ್ಷಿಸಬೇಕು, ಬೇಕಾದರೆ ಎಂಆರ್‌ಐ ಬರೆಯುತ್ತಾರೆ.

ಊಟಕ್ಕೆ ಹೊರಗಿನ ಡಬ್ಬಿ ಪುಡಿ ಬೇಕಿಲ್ಲ. ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಿಕೆಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಿಗೆ ಎರಡು ತತ್ತಿ. ಬೆಳಗಿನ ಅಭ್ಯಾಸಕ್ಕೆ ಖಾಲಿ ಹೊಟ್ಟೆಯಲ್ಲಿ ಬರುವುದನ್ನು ನಿಲ್ಲಿಸಿ, ಒಂದು ಬಾಳೆಹಣ್ಣಾದರೂ ಆಗಲಿ. ಪಂದ್ಯದ ದಿನ ಮಾತ್ರ ಕ್ರಮ ಬದಲು. ಮೈದಾನದ ಹೊರಗಿನ ಗಿರಮಿಟ್ಟು, ಮಿರ್ಚಿ ಬಜ್ಜಿ ಕೊನೆಯ ಪಂದ್ಯ ಮುಗಿಯುವವರೆಗೆ ದೂರ. ಎರಡು ಪಂದ್ಯದ ನಡುವೆ ಬಾಳೆಹಣ್ಣು, ಅಮೀನಗಡದ ಕರದಂಟಿನ ಸಣ್ಣ ತುಂಡು, ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಲಿಂಬೆ ಹಿಂಡಿದ ಪಾನಕ. ಊಟದ ಬಿಡುವಿನಲ್ಲಿ ಮೊಸರನ್ನ, ಹೊಟ್ಟೆ ಮುಕ್ಕಾಲಷ್ಟೇ.

ಪಂದ್ಯದ ಎರಡು ದಿನ

ಬೆಳಗಾವಿಯಲ್ಲಿ ಪಂದ್ಯವಿದ್ದರೆ ಹಿಂದಿನ ದಿನವೇ ಹೊರಡಿ. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬಸ್ಸಿನಲ್ಲಿ ಮೂರೂವರೆ ನಾಲ್ಕು ತಾಸು ಮುದುಡಿ ಕೂತು ಇಳಿದ ಕಾಲು ಅದೇ ಬೆಳಿಗ್ಗೆ ಆಡುವುದಿಲ್ಲ. ಹುಡುಗಿಯರ ತಂಡಕ್ಕೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆ ಇದೆ, ಉಳಿದ ಹಣ ಕೊಠಡಿಗೆ ಆಗುತ್ತದೆ.

ಚೀಲದಲ್ಲಿ ಇರಬೇಕಾದ್ದು: ಎರಡು ಜೊತೆ ಜರ್ಸಿ (ಎದೆಯ ಮೇಲೆ ಕನಿಷ್ಠ 4 ಇಂಚು, ಬೆನ್ನ ಮೇಲೆ 6 ಇಂಚಿನ ಅಂಕಿ), ಆರು ಕ್ರೇಪ್ ಬ್ಯಾಂಡೇಜ್, ಟೇಪು, ಐಸ್ ಡಬ್ಬಿ, ಹೆಚ್ಚುವರಿ ಶೂ ದಾರ, ಕೂದಲಿಗೆ ರಬ್ಬರ್ ಬ್ಯಾಂಡ್ (ಪಿನ್ನು ಬೇಡ), ಲಕೋಟೆಗಳು. ನೇಲ್ ಕಟರ್ ಮರೆಯಬೇಡಿ. ಉಗುರು ಬೆಳೆದಿದ್ದರೆ, ಮೈಗೆ ಎಣ್ಣೆ ಹಚ್ಚಿದ್ದರೆ, ಕಡಗ, ಉಡದಾರದ ತಾಯಿತ, ಕಿವಿಯೋಲೆ ಇದ್ದರೆ ಒಳಗೆ ಬಿಡುವುದಿಲ್ಲ. ಕೈಗೆ ಕಟ್ಟಿದ ಜಾತ್ರೆಯ ದಾರ ಬಿಚ್ಚಲು ಕೊನೆ ಗಳಿಗೆಯಲ್ಲಿ ಜಗಳ ಆಗುತ್ತದೆ, ಮನೆಯಲ್ಲೇ ಬಿಚ್ಚಿಸಿ.

ಮೊದಲ ಪಂದ್ಯದಲ್ಲಿ ಹತ್ತು ಅಂಕ ಮುಂದಿದ್ದರೆ ಮುಖ್ಯ ರೈಡರ್, ಮುಖ್ಯ ಕಾರ್ನರ್ ಇಬ್ಬರನ್ನೂ ಹೊರಗೆ ಕರೆದು ಬದಲಿಯವರನ್ನು ಇಳಿಸಿ. ಅವರು ಕೂರುವುದಿಲ್ಲ, ಜನ ಶಿಳ್ಳೆ ಹೊಡೆಯುತ್ತಿರುತ್ತಾರೆ. ಗಟ್ಟಿಯಾಗಿ ಕರೆಯಿರಿ. ರೆಫರಿ ಜೊತೆ ಮಾತು ನಾಯಕನದ್ದು ಮಾತ್ರ. ಟಿವಿಯಲ್ಲಿ ನೋಡಿದ ರಿವ್ಯೂ ಇಲ್ಲಿಲ್ಲ, ಕೂಗಾಡಿದರೆ ಸಿಗುವುದು ಹಸಿರು ಕಾರ್ಡು, ಮತ್ತೆ ಕೂಗಿದರೆ ಹಳದಿ, ಎರಡು ನಿಮಿಷ ಆರೇ ಮಂದಿಯಲ್ಲಿ ಆಡಬೇಕು.

ವಿಶ್ವವಿದ್ಯಾಲಯ ತಂಡಕ್ಕೆ ಯಾರಾದರೂ ಆಯ್ಕೆಯಾದರೆ, ಶಿಬಿರದ ತಾರೀಖಿನ ಪತ್ರವನ್ನು ಅದೇ ವಾರ ಪ್ರಾಚಾರ್ಯರಿಗೆ ಮತ್ತು ಆ ವಿದ್ಯಾರ್ಥಿಯ ವಿಭಾಗದ ಮುಖ್ಯಸ್ಥರಿಗೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಹಾಜರಾತಿ, ತಪ್ಪಿದ ಇಂಟರ್ನಲ್ ಪರೀಕ್ಷೆ ಎರಡಕ್ಕೂ ಮುಂದೆ ಅದೇ ಕಾಗದ ಕೇಳುತ್ತಾರೆ. ಉಳಿದವರಿಗೆ ಎರಡು ವಾರ ಪೂರ್ತಿ ರಜೆ. ಲೆಕ್ಕದ ಪುಸ್ತಕವನ್ನು ಎರಡನೇ ವರ್ಷದ ಒಬ್ಬನ ಕೈಗೆ ಕೊಡಿ, ಮೂರನೇ ವರ್ಷದವರ ಜೊತೆ ಅದು ಕಾಲೇಜಿನಿಂದ ಹೊರಗೆ ಹೋಗದಿರಲಿ.